ನಾಯಿಗೇನಾಕ್ಕತಿ ಬಿಡ್ರಿ!

ಶಿವಮೊಗ್ಗ ಜಿಲ್ಲೆಯ ಅಂಜನಾಪುರದ ಸುತ್ತಮುತ್ತಲಿನ ಯಾವ ಊರಿನ ಕಟ್ಟೆಯ ಮೇಲೆ ಕುಳಿತು ಮನೆ ನಾಯಿಯ ಆರೋಗ್ಯದ ಮಾತು ತೆಗೆದರೂ ಬರುವ ಉತ್ತರ ಒಂದೇ: ‘ನಾಯಿಗೇನಾಕ್ಕತಿ ಬಿಡ್ರಿ, ಗಟ್ಟಿ ಜೀವ ಅದು.’ ಹೀಗೆನ್ನುವವರು ಕಟುಕರೇನಲ್ಲ. ತಾವು ಉಣ್ಣುವಾಗಲೇ ನಾಯಿಗೆಂದು ಒಂದು ರೊಟ್ಟಿ ಎತ್ತಿಡುವವರು, ಕತ್ತಲಾದರೂ ನಾಯಿ ಕಾಣಲಿಲ್ಲವೆಂದರೆ ನಾಲೆಯ ಏರಿಯವರೆಗೆ ಹೋಗಿ ಕೂಗಿ ಬರುವವರು. ಆದ್ದರಿಂದ ಈ ಮಾತನ್ನು ಒರಟುತನ ಎಂದು ತಳ್ಳಿಹಾಕಿ ಸುಮ್ಮನಿರುವಂತಿಲ್ಲ. ಇದೊಂದು ನಂಬಿಕೆ, ಇದಕ್ಕೆ ತನ್ನದೇ ತರ್ಕವೂ ಇದೆ. ಊರನಾಯಿ ಜಾತಿನಾಯಿಯ ಹಾಗೆ ನಾಜೂಕಿನದಲ್ಲ. ಹೊಟ್ಟೆ ಕೆಟ್ಟರೆ ತಾನೇ ಗರಿಕೆ ಮೇದು, ಕಕ್ಕಿ, ಸರಿಹೋಗುತ್ತದೆ. ಅಜ್ಜನ ಕಾಲದ ನಾಯಿಗಳು ಸೂಜಿಯ ಮುಖ ಕಾಣದೆಯೇ ಹತ್ತು ಹನ್ನೆರಡು ವರ್ಷ ಬಾಳಿದವು. ಕೇಳಲು ಹಿತವಾಗಿದೆ. ಆದರೆ ಸತ್ತ ನಾಯಿಗಳನ್ನು ಬಿಟ್ಟು ಬದುಕಿದವನ್ನಷ್ಟೇ ಎಣಿಸಿ ಮಾಡಿದ ಲೆಕ್ಕ ಇದು.

ಹನ್ನೆರಡು ವರ್ಷ ಬಾಳಿದ ಅಜ್ಜನ ನಾಯಿ ಮನೆಮಂದಿಗೆಲ್ಲ ನೆನಪಿದೆ. ಅದರ ಬೆನ್ನಿಗೆ ಹುಟ್ಟಿದ ಐದಾರು ಮರಿಗಳು ಏನಾದವು? ಹೆಸರಿಡುವ ಮೊದಲೇ ಹೋದವು, ಹಾಗಾಗಿ ನೆನಪಿಲ್ಲ. ಬಣವೆಯ ಸಂದಿಯಲ್ಲಿ ಈದ ಮರಿಗಳಲ್ಲಿ ಒಂದು ಮಳೆಯಲ್ಲಿ ನೆನೆದು, ಒಂದು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು, ಇನ್ನೆರಡು ರಕ್ತಭೇದಿಯಾಗಿ ಸತ್ತರೆ ಉಳಿದ ಒಂದನ್ನು ತೋರಿಸಿ ‘ನೋಡ್ರಿ, ಎಷ್ಟು ಗಟ್ಟಿ’ ಎನ್ನುತ್ತೇವೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ ಬೀದಿನಾಯಿಗಳ 95 ಸೂಲುಗಳನ್ನು, ಅಂದರೆ 364 ಮರಿಗಳನ್ನು, ಹುಟ್ಟಿನಿಂದ ಹಿಂಬಾಲಿಸಿ 2016ರಲ್ಲಿ ವರದಿ ಪ್ರಕಟಿಸಿತು. ಬೆದೆಗೆ ಬರುವ ವಯಸ್ಸಿನವರೆಗೆ ಉಳಿದದ್ದು ಶೇ 19 ಮಾತ್ರ. ಸಾವುಗಳಲ್ಲಿ ಶೇ 63ರ ಹಿಂದೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರ ಕೈವಾಡವಿತ್ತು. ಅವು ಬಂಗಾಳದ ಬೀದಿನಾಯಿಗಳು, ನಮ್ಮವು ಮನೆನಾಯಿಗಳು ಎಂದು ಯಾರಾದರೂ ಆಕ್ಷೇಪಿಸಬಹುದು. ಲಸಿಕೆಯಿಲ್ಲದೆ, ಜಂತುಹುಳದ ಮಾತ್ರೆಯಿಲ್ಲದೆ, ರಾತ್ರಿಯಿಡೀ ಊರು ಸುತ್ತುವ ನಮ್ಮ ಮನೆನಾಯಿಗೂ ಬೀದಿನಾಯಿಗೂ ಬೆಳಗಿನ ರೊಟ್ಟಿಯ ತುಂಡೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸವೇನಿದೆ?

ಅಜ್ಜನ ಕಾಲದ ವಾದವಂತೂ ಅಲ್ಲೇ ಬಿದ್ದುಹೋಗುತ್ತದೆ. ಎರಡು ಮೂರು ತಿಂಗಳ ಮರಿ ಉಣ್ಣುವುದು ಬಿಟ್ಟು, ನೊರೆನೊರೆಯಾಗಿ ಕಕ್ಕಿ, ಗಬ್ಬು ನಾರುವ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಸಾಯುವುದನ್ನು ಈಗ ಯಾವ ಊರಿನಲ್ಲಿ ಬೇಕಾದರೂ ನೋಡಬಹುದು. ಅದು ಪಾರ್ವೊ. ಈ ವೈರಸ್ ಜಗತ್ತಿನಾದ್ಯಂತ ಕಾಣಿಸಿಕೊಂಡದ್ದೇ 1978ರ ಹೊತ್ತಿಗೆ. ನಮ್ಮ ದೇಶದಲ್ಲಿ ಗುರುತಿಗೆ ಬಂದದ್ದು 80ರ ದಶಕದ ಆರಂಭದಲ್ಲಿ. ಅಜ್ಜನ ನಾಯಿಗೆ ಪಾರ್ವೊ ಬರಲಿಲ್ಲ, ನಿಜ. ಆಗ ಆ ರೋಗವೇ ಇರಲಿಲ್ಲ. ಇಂದು ಒಂದು ಮರಿ ಪಾರ್ವೊದಿಂದ ಸತ್ತ ಅಂಗಳದ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಅದೇ ಜಾಗಕ್ಕೆ ಮುಂದಿನ ಮರಿಯನ್ನು ತಂದು ಬಿಟ್ಟು, ಅದೂ ಸತ್ತಾಗ ‘ಈ ಮನೆಗೆ ನಾಯಿ ಆಗಿಬರಲ್ಲ’ ಎಂದು ದೈವದ ಮೇಲೆ ಹಾಕುತ್ತೇವೆ. ಆರರಿಂದ ಎಂಟು ವಾರದ ಮರಿಗೆ ಮೊದಲ ಚುಚ್ಚುಮದ್ದು, ಆಮೇಲೆ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಂದು ಬೂಸ್ಟರ್. ಆಗಿಬರದ ಮನೆಗೆ ಬೇಕಾದ ಶಾಂತಿ ಇಷ್ಟೇ.

ಗರಿಕೆಯ ವಿಷಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಪಶುವೈದ್ಯರು 2008ರಲ್ಲಿ ನಾಯಿ ಸಾಕಿದವರ ದೊಡ್ಡ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಹುಲ್ಲು ಮೇಯುವ ಮೊದಲು ಹುಷಾರಿಲ್ಲದಂತೆ ಕಂಡ ನಾಯಿಗಳು ಶೇ 10ಕ್ಕಿಂತ ಕಡಿಮೆ. ಮೇದ ಮೇಲೆ ಕಕ್ಕಿದವು ಶೇ 22ರಷ್ಟು. ಅಂದರೆ ನಾಯಿ ಹುಲ್ಲು ಮೇಯುವುದು ಬಹುಮಟ್ಟಿಗೆ ಅದರ ಸಹಜ ಅಭ್ಯಾಸ, ಅದರಲ್ಲಿ ವೈದ್ಯ ಹುಡುಕಬೇಕಾಗಿಲ್ಲ. ಹೋಗಲಿ, ಔಷಧವೇ ಎಂದಿಟ್ಟುಕೊಳ್ಳೋಣ. ಆ ಗರಿಕೆ ಈಗ ಎಲ್ಲಿ ಬೆಳೆಯುತ್ತಿದೆ? ಗದ್ದೆಯ ಬದುವಿನಲ್ಲಿ, ಅಡಿಕೆ ತೋಟದ ಅಂಚಿನಲ್ಲಿ. ಅಲ್ಲಿಗೆ ಕಳೆನಾಶಕದ ಕ್ಯಾನು ಬೆನ್ನಿಗೆ ಹಾಕಿಕೊಂಡು ಹೋಗುವವರು ನಾವೇ. ಪ್ಯಾರಾಕ್ವಾಟ್ ಹೊಡೆದ ಹುಲ್ಲನ್ನು ನಾಯಿ ಮೇದರೆ, ಸ್ಪ್ರೇ ಪಂಪು ತೊಳೆದ ನೀರಿನ ಹೊಂಡ ನೆಕ್ಕಿದರೆ, ಬಾಯಿ ಹುಣ್ಣಾಗುತ್ತದೆ, ದಿನ ಕಳೆದಂತೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಅದಕ್ಕೆ ಮದ್ದಿಲ್ಲ, ಮನುಷ್ಯರಿಗೂ ಇಲ್ಲ.

ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ನಾಯಿ ಬದಲಾಗಿಲ್ಲ, ನೆಲ ಬದಲಾಗಿದೆ. ಕುಮುದ್ವತಿ ಹೊಳೆಗೆ ಕಟ್ಟಿದ ಜಲಾಶಯದ ನೀರು, ಕೊಳವೆಬಾವಿಯ ನೀರು ಹರಿದ ಕಡೆಯೆಲ್ಲ ಅಡಿಕೆ ಬಂತು, ಶುಂಠಿ ಬಂತು, ಮಕ್ಕಿ ಹೊಲಗಳಿಗೆ ಗೋವಿನಜೋಳ ಬಂತು. 2018ರ ಮೇ ತಿಂಗಳಲ್ಲಿ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಭಾರತದಲ್ಲೇ ಮೊದಲ ಸಲ ಕಾಣಿಸಿದ್ದು ನಮ್ಮ ಶಿವಮೊಗ್ಗದ ಕೃಷಿ ಕಾಲೇಜಿನ ಗೋವಿನಜೋಳದ ತಾಕಿನಲ್ಲಿ. ಆ ಹುಳುವಿಗೆ ಶಿಫಾರಸಾದ ಉಪಾಯಗಳಲ್ಲಿ ವಿಷ ಪಾಷಾಣವೂ ಒಂದು: 10 ಕಿಲೋ ಭತ್ತದ ತೌಡು, 2 ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿ ಬರಿಸಿ, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಸೇರಿಸಿ, ಉಂಡೆ ಮಾಡಿ ಸುಳಿಗೆ ಉದುರಿಸುವುದು. ಹುಳುವಿಗೆ ಒಳ್ಳೆಯ ಉಪಾಯ. ಆದರೆ ಒಮ್ಮೆ ನಾಯಿಯ ಮೂಗಿನಿಂದ ನೋಡಿ. ರಾತ್ರಿಯೆಲ್ಲ ಜಗುಲಿಯ ಮೂಲೆಯಲ್ಲಿ ಹುಳಿ ಬಂದು ಘಮಘಮಿಸುವ ತೌಡು-ಬೆಲ್ಲ! ಹೊಲದಲ್ಲಿ ಕೆಲಸ ಮುಗಿದ ಮೇಲೆ ಬಕೆಟ್ಟಿನ ತಳದಲ್ಲಿ ಉಳಿದ ಉಂಡೆ, ಬಾವಿಕಟ್ಟೆಯಲ್ಲಿ ತೊಳೆದ ನೀರು, ಕೈ ಒರೆಸಿ ಎಸೆದ ಗೋಣಿತಾಟು ಎಲ್ಲವೂ ನಾಯಿಗೆ ಔತಣವೇ. ಅದೇ ಮನೆಯವರು ಮಕ್ಕಳನ್ನು ಆ ಬಕೆಟ್ಟಿನ ಹತ್ತಿರ ಬಿಡುವುದಿಲ್ಲ. ನಾಯಿಯನ್ನು ಮಾತ್ರ ಜೊತೆಗೇ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ.

ಥಯೋಡಿಕಾರ್ಬ್, ಮೊನೊಕ್ರೊಟೊಫಾಸ್, ಕಾರ್ಬೊಫ್ಯುರಾನ್ ಈ ಸಾಲಿನ ಯಾವ ವಿಷ ಒಳಗೆ ಹೋದರೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಜೊಲ್ಲು ಸೋರುತ್ತದೆ, ಕಣ್ಣೀರು ಬರುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ, ಮೈ ನಡುಗುತ್ತದೆ, ಉಸಿರು ಕಟ್ಟುತ್ತದೆ. ಇದಕ್ಕೆ ಪ್ರತಿವಿಷ ಉಂಟು, ಅಟ್ರೊಪಿನ್. ಬೇಗ ಸಿಕ್ಕರೆ ನಾಯಿ ಬದುಕುತ್ತದೆ. ಅಟ್ಟದ ಮೇಲಿಡುವ ಇಲಿ ಕೇಕಿನ ಕಥೆ ಬೇರೆ. ಅದರಲ್ಲಿರುವ ಬ್ರೊಮಡಿಯೊಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಸೋಮವಾರ ತಿಂದ ನಾಯಿ ಮಂಗಳವಾರ ಬಾಲ ಅಲ್ಲಾಡಿಸಿಕೊಂಡೇ ಇರುತ್ತದೆ. ಗುರುವಾರವೋ ಶುಕ್ರವಾರವೋ ಮೂಗಿನಲ್ಲಿ ರಕ್ತ ಇಳಿಯುತ್ತದೆ, ಒಸಡು ಬಿಳುಚುತ್ತದೆ. ಆಗ ಯಾರಿಗೂ ಅಟ್ಟದ ಕೇಕು ನೆನಪಾಗುವುದಿಲ್ಲ. ಬದುವಿನ ಜಗಳವಿರುವ ಪಕ್ಕದ ಮನೆಯವರೇ ವಿಷ ಹಾಕಿದರೆಂದು ತೀರ್ಮಾನವಾಗುತ್ತದೆ. ಎಷ್ಟು ದಾಯಾದಿ ಜಗಳಗಳು ಹೀಗೆ ಹೊಸ ಚಿಗುರು ಒಡೆದಿವೆಯೋ! ಇದಕ್ಕೂ ಮದ್ದಿದೆ, ವಿಟಮಿನ್ ಕೆ1. ಆದರೆ ತಿಂದದ್ದು ಏನೆಂದು ಹೇಳಿದರೆ ತಾನೆ ಡಾಕ್ಟರು ಕೊಡುವುದು? ಕಪ್ಪು ಪುಡಿಯ ಇಲಿ ಪಾಷಾಣ, ಅಂದರೆ ಜಿಂಕ್ ಫಾಸ್ಫೈಡ್, ಇನ್ನೂ ಕ್ರೂರಿ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ. ಹೊಟ್ಟೆಯಲ್ಲಿ ಅನ್ನವಿದ್ದಷ್ಟೂ ಆಮ್ಲ ಜಾಸ್ತಿ, ಅನಿಲವೂ ಜಾಸ್ತಿ. ವಿಷ ತಿಂದ ನಾಯಿಗೆ ಅನ್ನ ಮೊಸರು ತುರುಕುವ ನಮ್ಮ ಪದ್ಧತಿ ಇಲ್ಲಿ ಕೊಲೆಗೆ ಸಹಾಯ ಮಾಡುತ್ತದೆ.

ಮನೆಮದ್ದುಗಳ ವಿಚಾರದಲ್ಲಿ ನನಗೆ ಯಾವ ಸೌಜನ್ಯವೂ ಉಳಿದಿಲ್ಲ. ವಿಷ ತಿಂದಿತೆಂದರೆ ಬಾಯಿ ಬಿಡಿಸಿ ಉಪ್ಪುನೀರು ಹೊಯ್ಯುತ್ತಾರೆ. ಆ ಉಪ್ಪೇ ಮೆದುಳಿನ ನೀರು ಹೀರಿ ಕೊಲ್ಲಬಲ್ಲದು. ಹುಣಸೆ ಕಿವುಚಿದ ನೀರು ಹೊಯ್ಯುತ್ತಾರೆ. ದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಯಾಕೆ ಕೆಡುತ್ತದೆಂಬುದು ಬಹುಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪ್ರಾಣಿವಿಷ ತಜ್ಞರು ಅದರೊಳಗಿನ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಹುಣಸೆಯ ಹುಳಿಯೂ ಅದೇ ಆಮ್ಲದ್ದು, ಹುಣಸೆ ತಿಂದ ನಾಯಿಗಳಲ್ಲಿ ಅದೇ ಬಗೆಯ ಕಿಡ್ನಿ ಹಾನಿ ವರದಿಯಾಗಿದೆ. ಒಂದು ಸೌಟು ಸಾರಿನ ಅನ್ನದಿಂದ ನಾಯಿ ಸಾಯುತ್ತದೆಂದು ಹೆದರಿಸುತ್ತಿಲ್ಲ. ಮೊದಲೇ ವಿಷ ಕುಡಿದು ಒದ್ದಾಡುವ ಜೀವಕ್ಕೆ ಚೊಂಬುಗಟ್ಟಲೆ ಹುಣಸೆನೀರು ಹೊಯ್ದು ‘ಪ್ರಥಮ ಚಿಕಿತ್ಸೆ’ ಎನ್ನಬೇಡಿ ಎಂದಷ್ಟೇ ಹೇಳುತ್ತಿದ್ದೇನೆ. ಕಾಲು ಕುಂಟಿದರೆ ತಮ್ಮ ಮೈಕೈ ನೋವಿನ ಮಾತ್ರೆಯನ್ನೇ ಅರ್ಧ ಮುರಿದು ಕೊಡುವವರಿದ್ದಾರೆ. ಡೈಕ್ಲೊಫಿನಾಕ್ ರಣಹದ್ದುಗಳನ್ನು ನಿರ್ನಾಮ ಮಾಡಿತೆಂದು 2006ರಲ್ಲಿ ಜಾನುವಾರುಗಳಿಗೆ ನಿಷೇಧಿಸಿದ್ದು ಪತ್ರಿಕೆ ಓದುವವರಿಗೆ ಗೊತ್ತು. ಅದೇ ಮಾತ್ರೆ ನಾಯಿಯ ಕರುಳಲ್ಲಿ ರಕ್ತ ಸುರಿಸುತ್ತದೆಂಬುದು ಗೊತ್ತಿಲ್ಲ.

ಇನ್ನು ಉಣುಗು. ಸೊರಬ ತಾಲ್ಲೂಕಿನವರಿಗೆ ಉಣುಗಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ಮಲಗಿ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದ ವೈರಸ್ಸಿಗೆ ಆ ಊರಿನ ಹೆಸರೇ ನಿಂತಿತು. ಮಂಗನ ಕಾಯಿಲೆ ಹರಡುವ ಕಾಡಿನ ಉಣುಗೂ ನಾಯಿಯ ಕಿವಿಯಲ್ಲಿ ಗೊಂಚಲಾಗುವ ಕಂದು ಉಣುಗೂ ಬೇರೆ ಬೇರೆ ಜಾತಿ. ಇದನ್ನು ಹೇಳಿದರೆ ಕೆಲವರಿಗೆ ಸಮಾಧಾನ, ‘ಹಾಗಾದ್ರೆ ಬಿಡ್ರಿ’ ಎನ್ನುತ್ತಾರೆ. ಬಿಡುವಂತಿಲ್ಲ. ಕಂದು ಉಣುಗು ನಾಯಿಯ ರಕ್ತಕ್ಕೆ ಎರ್ಲಿಕಿಯಾ, ಬಬೇಸಿಯಾ ರೋಗಾಣುಗಳನ್ನು ಬಿಡುತ್ತದೆ. ನಾಯಿ ಮಂಕಾಗುತ್ತದೆ, ಒಸಡು ಬಿಳುಚುತ್ತದೆ, ಮೂಗಲ್ಲಿ ರಕ್ತ ಬರುತ್ತದೆ, ಸೊರಗಿ ಸಾಯುತ್ತದೆ. ‘ವಯಸ್ಸಾಗಿತ್ತು’ ಎನ್ನುತ್ತೇವೆ, ನಾಲ್ಕು ವರ್ಷದ ನಾಯಿಗೆ! ಕಾಡಂಚಿಗೆ ಹೋಗಿ ಬರುವ ನಾಯಿಯ ಮೈಗೆ ಕಾಡಿನ ಉಣುಗೂ ಹತ್ತಿ ಜಗುಲಿಗೆ ಬರಬಹುದು ಎಂಬುದು ಬೇರೆ. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವ ಮನುಷ್ಯ, ತನ್ನ ಜೊತೆ ಬಂದ ನಾಯಿಯನ್ನು ವಾಪಸು ಬಂದ ಮೇಲೆ ಒಮ್ಮೆ ತಡವಿಯೂ ನೋಡುವುದಿಲ್ಲ.

ನೋಡುವವರು ಮಾಡುವುದು ಇನ್ನೂ ಘೋರ. ಗೊಬ್ಬರದಂಗಡಿಯ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಯ ಮೈ ತೊಳೆಯುತ್ತಾರೆ. ನುವಾನ್ ಎಂಬ ಹೆಸರಿನಲ್ಲಿ ಮನೆಮನೆಯಲ್ಲಿದ್ದ ಡೈಕ್ಲೊರ್ವಾಸ್ ಈ ಕೆಲಸಕ್ಕೆ ಪ್ರಸಿದ್ಧವಾಗಿತ್ತು. ಕೇಂದ್ರ ಸರ್ಕಾರದ 2018ರ ಆದೇಶದ ಪ್ರಕಾರ ಅದು, ಶುಂಠಿಯವರಿಗೆ ಪರಿಚಿತವಾದ ಫೋರೇಟ್ ಹರಳಿನ ಜೊತೆ, 2020ರ ಡಿಸೆಂಬರ್ 31ಕ್ಕೆ ಬಂದ್ ಆಗಬೇಕಿತ್ತು. ಹಳೆಯ ಬಾಟಲಿಗಳು ಮಾಡಿನ ಸಂದಿಯಿಂದ ಅಷ್ಟು ಸುಲಭಕ್ಕೆ ಖಾಲಿಯಾಗುವುದಿಲ್ಲ. ಉಣುಗು ಸಾಯುತ್ತದೆ ಎನ್ನುತ್ತಾರೆ, ಹೌದು ಸಾಯುತ್ತದೆ. ಮೈ ನೆಕ್ಕಿಕೊಂಡ ನಾಯಿಯೂ ಸಾಯುತ್ತದೆ. ಕಜ್ಜಿಗೆ ಗ್ಯಾರೇಜಿನ ವೇಸ್ಟ್ ಆಯಿಲ್ ಬಳಿಯುವುದೂ ಇದೇ ಜಾತಿಯ ವೈದ್ಯ. ನಾಯಿಯ ತೂಕ ನೋಡಿ ಕೊಡುವ ಉಣುಗಿನ ಮಾತ್ರೆ, ಬೆನ್ನಿಗೆ ಬಿಡುವ ಹನಿ ಔಷಧಿ ಎರಡೂ ಈಗ ಶಿಕಾರಿಪುರದಂಥ ಪೇಟೆಗೆ ಅಪರೂಪವೇನಲ್ಲ.

ರೇಬೀಸ್ ವಿಷಯಕ್ಕೆ ಬಂದರೆ ‘ಗಟ್ಟಿ ಜೀವ’ದ ವಾದ ಮನುಷ್ಯರನ್ನೇ ಕೊಲ್ಲುತ್ತದೆ. ‘ನಮ್ಮ ನಾಯಿ ಯಾರಿಗೂ ಕಚ್ಚಲ್ಲ’ ಎನ್ನುವವರು ಕೇಳಬೇಕಾದ ಪ್ರಶ್ನೆ, ನಮ್ಮ ನಾಯಿಗೆ ಯಾವುದು ಕಚ್ಚಿತು ಎಂಬುದು. ರಾತ್ರಿ ಹೊಲ ಕಾಯುವ ನಾಯಿಗೆ ನರಿಯೋ ಇನ್ನೊಂದು ನಾಯಿಯೋ ಕಚ್ಚಿದ ಗಾಯ ತುಪ್ಪಳದಡಿ ಕಾಣದೆ ಹೋಗುತ್ತದೆ. ರೋಗ ಹೊರಬೀಳಲು ತಿಂಗಳುಗಳೇ ಬೇಕಾಗಬಹುದು. ಹೊರಬಿದ್ದ ಮೇಲೆ ನಾಯಿಗೂ ಮನುಷ್ಯರಿಗೂ ಉಳಿಗಾಲವಿಲ್ಲ. ಬೇಸಿಗೆಯಲ್ಲಿ ಮಾತ್ರ ನಾಯಿಗೆ ಹುಚ್ಚು ಹಿಡಿಯುತ್ತದೆ ಎಂಬುದೂ, ಎಲ್ಲ ಹುಚ್ಚುನಾಯಿಗಳೂ ಅಟ್ಟಿಸಿಕೊಂಡು ಬರುತ್ತವೆ ಎಂಬುದೂ ಸುಳ್ಳು. ಮೂಲೆ ಸೇರಿ, ದವಡೆ ಜೋತುಬಿದ್ದು, ಜೊಲ್ಲು ಸುರಿಸುವ ಮೂಕ ರೇಬೀಸ್ ಇದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕುವ ಯಜಮಾನನಿಗೆ ಅದು ಹತ್ತುವುದು ಹೀಗೆ. ಕಚ್ಚಿದ ಗಾಯಕ್ಕೆ ಮೆಣಸಿನಪುಡಿ, ಸುಣ್ಣ, ನಾಟಿ ಔಷಧಿಯ ಸೊಪ್ಪು ಮೆತ್ತುವವರು ಇಂದಿಗೂ ಇದ್ದಾರೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ನಾಯಿಯಿಂದ ಹರಡುವ ರೇಬೀಸನ್ನು 2030ರೊಳಗೆ ತೊಲಗಿಸುವ ರಾಷ್ಟ್ರೀಯ ಯೋಜನೆ 2021ರ ಸೆಪ್ಟೆಂಬರ್ 28ರಂದು ಘೋಷಣೆಯಾಯಿತು. ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ಸರಪಳಿ ಕಡಿಯುತ್ತದೆ ಎಂಬುದು ಅದರ ಲೆಕ್ಕ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ದೇಶವೆಲ್ಲ ಬೀದಿನಾಯಿಯನ್ನು ಹಿಡಿಯಬೇಕೋ ಬಿಡಬೇಕೋ ಎಂದು ಕಿತ್ತಾಡಿತು. ಹೆಸರಿಟ್ಟು ಕರೆದು, ಅನ್ನ ಹಾಕಿ, ಲಸಿಕೆ ಮಾತ್ರ ಹಾಕಿಸದ ಮನೆನಾಯಿಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ.

ಪಟ್ಟಣದವರ ಪುಸ್ತಿಕೆಗಳಿಂದಲೂ ಇಲ್ಲಿ ಉಪಕಾರವಾಗುವುದು ಕಡಿಮೆ. ಚಾಕೊಲೇಟ್ ಬೇಡ, ದ್ರಾಕ್ಷಿ ಬೇಡ, ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನ ಕ್ಸಿಲಿಟಾಲ್ ಬೇಡ. ಎಲ್ಲವೂ ಸರಿ. ಆದರೆ ಅಂಜನಾಪುರದ ನಾಯಿಗೆ ಡಾರ್ಕ್ ಚಾಕೊಲೇಟ್ ತಿನ್ನಿಸುವವರು ಯಾರು? ಅದರ ಪಾಲಿಗೆ ಬರುವುದು ಈರುಳ್ಳಿ ಬೆಳ್ಳುಳ್ಳಿ ತುಂಬಿದ ಕೋಳಿಸಾರಿನ ಗೊಜ್ಜು, ಬೆಂದ ಕೋಳಿಯ ಚೂಪು ಮೂಳೆ, ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿದ ಡ್ರಮ್ಮಿನ ತಳದ ನೀಲಿ ನೀರು, ಕಾಡುಹಂದಿಗೆಂದು ಆಹಾರದಲ್ಲಿ ಸುತ್ತಿಟ್ಟ ಸಿಡಿಮದ್ದು. 2020ರಲ್ಲಿ ಪಾಲಕ್ಕಾಡಿನ ಬಸುರಿ ಆನೆ ಇಂಥದ್ದೇ ಮದ್ದು ಕಚ್ಚಿ ಸತ್ತಾಗ ನಾವೆಲ್ಲ ಮರುಗಿದೆವು. ಅದೇ ಮದ್ದಿಗೆ ದವಡೆ ಕಳೆದುಕೊಳ್ಳುವ ಮಲೆನಾಡಿನ ನಾಯಿಗಳು ಸುದ್ದಿಯಾಗುವುದಿಲ್ಲ.

ನಾಯಿಗೆ ಮರ್ಯಾದೆ ಕೊಡುವುದರಲ್ಲಿ ಕನ್ನಡಿಗರು ಹಿಂದಿಲ್ಲ ಎನ್ನುವವರಿಗೂ ಒಂದು ಮಾತು. ನಿಜ, ಹತ್ತನೆಯ ಶತಮಾನದ ಆತಕೂರು ಶಾಸನ ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿತು; ಮಣಲೇರನೆಂಬ ವೀರ ತನ್ನ ಒಡೆಯ, ಗಂಗರ ದೊರೆ ಬೂತುಗನಿಂದ ಬೇರೇನೂ ಬೇಡದೆ ಆ ನಾಯಿಯನ್ನೇ ಕೇಳಿ ಪಡೆದಿದ್ದ. ನಮ್ಮ ಪಕ್ಕದ ದೇವರಗುಡ್ಡದ ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ದೋಣಿಯಲ್ಲಿ ಹಾಲು ತುಪ್ಪ ನೆಕ್ಕುವುದು ಭಕ್ತಿಯ ಸೇವೆ. ಭೈರವನ ವಾಹನವೆಂದು ಕೈಮುಗಿಯುತ್ತೇವೆ. ಸತ್ತ ಮೇಲಿನ ಕಲ್ಲಿನಿಂದಾಗಲಿ, ಜಾತ್ರೆಯ ದಿನದ ಹಾಲಿನಿಂದಾಗಲಿ ಮನೆ ಬಾಗಿಲ ನಾಯಿಗೆ ಒಂದು ಡೋಸ್ ಲಸಿಕೆ ಸಿಗುವುದಿಲ್ಲ. ಕಾಳಿಯಾದರೂ ಹಂದಿಯೊಡನೆ ಕಾದು ಸತ್ತಿತು. ಹೊಲಕ್ಕೆ ಬರುವ ಹಂದಿ ಮಂಗಗಳನ್ನು ರಾತ್ರಿ ಹಗಲು ಓಡಿಸುವ ನಮ್ಮ ನಾಯಿ ನಮ್ಮದೇ ಬಕೆಟ್ಟಿನ ಬೆಲ್ಲ ತಿಂದು ಸಾಯುತ್ತದೆ.

ಕಟ್ಟಿಹಾಕಿದರೆ ಆಯಿತಲ್ಲ ಎಂಬ ಪರಿಹಾರವೂ ಅರೆಬರೆ. ಚಿರತೆ ಓಡಾಡುವ ಕಡೆ ಅಂಗಳದಲ್ಲಿ ಸರಪಳಿ ಬಿಗಿದ ನಾಯಿಗೆ ಓಡುವ ಅವಕಾಶವೂ ಇಲ್ಲ. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಚಿರತೆಯ ಆಹಾರದ ಶೇ 39 ಸಾಕುನಾಯಿ ಜಾತಿಯದ್ದೇ ಎಂದು ಗೊತ್ತಾಯಿತು. ರಾತ್ರಿ ನಾಯಿ ಇರಬೇಕಾದದ್ದು ಬಾಗಿಲಿರುವ ಕೊಟ್ಟಿಗೆಯೊಳಗೆ. ಇನ್ನು ಹಗಲೂ ರಾತ್ರಿ ಗಿಡ್ಡ ಸರಪಳಿಯಲ್ಲೇ ಇಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದೆ ಬಿಡುವುದನ್ನು ಅದೇ ಕಲಮು ಬೇರೆಯಾಗಿಯೇ ಹೆಸರಿಸಿದೆ.

ಕೊನೆಗೆ ಉಳಿಯುವ ಆಕ್ಷೇಪ ದುಡ್ಡಿನದು, ದೂರದ್ದು. ‘ಮನುಷ್ಯರಿಗೇ ಡಾಕ್ಟರಿಲ್ಲ, ನಾಯಿಗೆಲ್ಲಿ ತರೋಣ?’ ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಇಲ್ಲಿಂದ ನಾಯಿ ಹೊತ್ತುಕೊಂಡು ಹೋಗುವುದು ಒಂದು ದಿನದ ಕೂಲಿ ಕಳೆದುಕೊಳ್ಳುವ ಕೆಲಸ. ಆದರೆ ವಿಷದ ಬಕೆಟ್ಟನ್ನು ಎತ್ತರದಲ್ಲಿಡಲು ದುಡ್ಡು ಬೇಡ. ಇಲಿ ಕೇಕಿನ ಪ್ಯಾಕೆಟ್ಟನ್ನು ಎಸೆಯದೆ ಎತ್ತಿಟ್ಟು ಡಾಕ್ಟರಿಗೆ ತೋರಿಸಲು, 1962ಕ್ಕೆ ಫೋನ್ ಮಾಡಿ ಪಶು ಸಂಜೀವಿನಿಯವರನ್ನು ವಿಚಾರಿಸಲು ದುಡ್ಡು ಬೇಡ. ಲಸಿಕೆಯ ಮಾತಿಗೆ ಬಂದರೆ, ವರ್ಷಕ್ಕೆ ಎರಡು ಸಲ ಕಾಲುಬಾಯಿ ರೋಗದ ಲಸಿಕೆ ಹಾಕುವವರು ಐಸ್ ಪೆಟ್ಟಿಗೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಿಗೇ ಬರುತ್ತಾರೆ. ಆಕಳಿಗೆ, ಎಮ್ಮೆಗೆ ಬಿಟ್ಟಿ ಸೂಜಿ ಬೀಳುತ್ತದೆ. ಆಕಳ ಕಾಲ ಬುಡದಲ್ಲೇ ಮಲಗಿದ ನಾಯಿ ತಲೆಯೆತ್ತಿ ನೋಡಿ, ಗುರುತಿನವರೆಂದು ಮತ್ತೆ ಮಲಗುತ್ತದೆ. ಆ ಪೆಟ್ಟಿಗೆಯಲ್ಲಿ ರೇಬೀಸ್ ಲಸಿಕೆಯ ನಾಲ್ಕು ಬಾಟಲಿಗೆ ಜಾಗ ಮಾಡಲು ಹೊಸ ಆಸ್ಪತ್ರೆ ಬೇಕಿಲ್ಲ, ಹೊಸ ರಸ್ತೆಯೂ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಲು ಒಬ್ಬರು ಬೇಕು, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವವರೆಗೆ ಕೂರದೆ ನಿಲ್ಲಬೇಕು.